ಯಾರದೋ ದುಡ್ಡು, ಯಾರಿಗೋ ಮಿಕ್ಸಿ



ಚೀಟಿ ಎತ್ತುವುದು ಕನ್ನಡ ನಾಡಿಗೆ ಹೊಸದೇನಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಯಾವ ಹೊಲ ಯಾರಿಗೆ ಎಂಬ ತಕರಾರು ಬಗೆಹರಿಯದಿದ್ದರೆ ಊರಿನ ಹಿರಿಯರು ಹೆಸರು ಬರೆದ ಚೀಟಿಗಳನ್ನು ಮಡಚಿ ಹಾಕುತ್ತಾರೆ. ಏನೂ ಅರಿಯದ ಒಂದು ಮಗುವನ್ನು ಕರೆದು ಎತ್ತಿಸುತ್ತಾರೆ. ಮಗು ಎತ್ತಿದ ಚೀಟಿಯನ್ನು ಆಮೇಲೆ ಯಾರೂ ಪ್ರಶ್ನಿಸುವುದಿಲ್ಲ. ಚುನಾವಣೆಯಲ್ಲಿ ಇಬ್ಬರಿಗೆ ಸಮನಾದ ಮತಗಳು ಬಿದ್ದಾಗ ಕಾನೂನು ಕೂಡ ಚೀಟಿಯ ಮೊರೆ ಹೋಗುತ್ತದೆ. ಮನುಷ್ಯರ ಕೈವಾಡ ಇಲ್ಲದ ತೀರ್ಮಾನ ಇದೊಂದೇ ಎಂಬ ನಂಬಿಕೆ ಅಷ್ಟು ಆಳವಾಗಿದೆ.

ಮನೆಬಳಕೆಯ ಯಂತ್ರಗಳನ್ನು ಮಾರಲು ಹೂಡುವ ಲಕ್ಕಿ ಡ್ರಾಗಳು ಈ ನಂಬಿಕೆಯ ಮೇಲೇ ನಿಂತಿವೆ. ಶಾಮಿಯಾನ, ಧ್ವನಿವರ್ಧಕ, ಗಾಜಿನ ಡಬ್ಬಿ, ಅದರೊಳಗೆ ಕೈ ಹಾಕುವ ಮಗು, ಪಕ್ಕದಲ್ಲಿ ಸಾಲಾಗಿ ಇಟ್ಟ ಫ್ರಿಜ್, ವಾಷಿಂಗ್ ಮಷೀನ್, ಗ್ರೈಂಡರ್. ಇಷ್ಟು ಕಂಡರೆ ಸಾಕು, ಮೋಸ ಇರಲಾರದು ಎಂದು ಜನ ಅಂದುಕೊಳ್ಳುತ್ತಾರೆ. ಚೀಟಿ ಎತ್ತುವುದರಲ್ಲಿ ನಿಜಕ್ಕೂ ಮೋಸ ಇಲ್ಲದಿರಬಹುದು. ಮೋಸ ಇರುವುದು ಬೇರೆ ಕಡೆ. ಅದನ್ನು ಹುಡುಕಲು ಒಂದೇ ಪ್ರಶ್ನೆ ಸಾಕು: ಬಹುಮಾನದ ದುಡ್ಡು ಯಾರದು?

ಈ ಆಮಿಷಕ್ಕೆ ಅಡುಗೆಮನೆಯ ಯಂತ್ರಗಳೇ ಏಕೆ ಬೇಕಾದವು ಎಂಬುದನ್ನು ಮೊದಲು ನೋಡಬೇಕು. ರುಬ್ಬುವ ಕಲ್ಲಿನ ಮುಂದೆ ಬೆಳಿಗ್ಗೆ ಸಂಜೆ ಕುಳಿತ ಹೆಣ್ಣುಮಗಳಿಗೆ ಮಿಕ್ಸಿ ಷೋಕಿಯ ವಸ್ತುವಲ್ಲ, ಅದು ರಟ್ಟೆಗೆ ಸಿಗುವ ಬಿಡುವು. ಆದರೆ ಮಕ್ಕಳ ಫೀಸು, ಔಷಧಿ, ರೇಷನ್ ಇವುಗಳ ಮುಂದೆ ಅದನ್ನು ಮುಂದೂಡುವುದು ಸುಲಭ. ಒಂದೇ ಸಲಕ್ಕೆ ಅಷ್ಟು ಹಣ ತೆಗೆಯಲು ಮನೆಯಲ್ಲಿ ಒಪ್ಪುವುದಿಲ್ಲ. ತಿಂಗಳಿಗೆ ಇನ್ನೂರು ಮುನ್ನೂರಾದರೆ ಸಾಸಿವೆ ಡಬ್ಬಿಯ ದುಡ್ಡಿನಲ್ಲೇ ಸರಿದೂಗಿಸಬಹುದು. ಹೀಗೆ ಬೇಕೇಬೇಕು ಎನಿಸುವ, ಆದರೆ ಇವತ್ತೇ ಕೊಳ್ಳಲಾಗದ ವಸ್ತುವೇ ಈ ವ್ಯಾಪಾರಕ್ಕೆ ಹೇಳಿಮಾಡಿಸಿದ್ದು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟೀವಿ ಬಂತು. 1991ರ ಆರ್ಥಿಕ ಸುಧಾರಣೆಯ ನಂತರ ಪೇಟೆಯಲ್ಲಿ ಹತ್ತಾರು ಹೆಸರಿನ ಯಂತ್ರಗಳು ತುಂಬಿಕೊಂಡವು. ಯಾವುದಕ್ಕೆ ಎಷ್ಟು ಬೆಲೆ ಎಂಬುದೇ ತಿಳಿಯದಂತಾದಾಗ, ‘ಇದರ ಬೆಲೆ ಹನ್ನೆರಡು ಸಾವಿರ’ ಎಂದು ಯಾರು ಹೇಳಿದರೂ ನಂಬುವ ಸ್ಥಿತಿ ಉಂಟಾಯಿತು.

ಈ ಡ್ರಾಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಗೀಚುವ ಕಾರ್ಡು. ಊರಿಗೆ ವ್ಯಾನ್ ಬರುತ್ತದೆ. ಐವತ್ತೋ ನೂರೋ ಕೊಟ್ಟು ಕಾರ್ಡು ಕೊಂಡು ನಾಣ್ಯದಿಂದ ಗೀಚಿದರೆ ಒಳಗೆ ಗ್ರೈಂಡರಿನ ಚಿತ್ರ. ‘ಅಕ್ಕಾ, ನಿಮಗೆ ಹೊಡೀತು ನೋಡಿ!’ ಎಂದು ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ತಿಳಿಯುವುದೇನೆಂದರೆ, ಹೊಡೆದದ್ದು ಗ್ರೈಂಡರ್ ಅಲ್ಲ, ಗ್ರೈಂಡರಿನ ಮೇಲಿನ ರಿಯಾಯಿತಿ. ‘ಎಂಟು ಸಾವಿರದ ಮಾಲು, ನಿಮಗೆ ಬರೀ ಮೂರು ಸಾವಿರ.’ ಆ ಮಾಲು ಎಂಟು ಸಾವಿರದ್ದು ಎಂದು ಹೇಳಿದವನು ಮಾರುವವನೇ. ಅಕ್ಕಪಕ್ಕದ ಮನೆಯವರೆಲ್ಲ ಕಾರ್ಡು ಗೀಚಿದರೆ ಅವರೆಲ್ಲರಿಗೂ ಹೊಡೆಯುತ್ತದೆ. ಎಲ್ಲರಿಗೂ ಹೊಡೆಯುವುದಕ್ಕೆ ಬಹುಮಾನ ಎನ್ನುವುದಿಲ್ಲ, ಬೆಲೆ ಎನ್ನುತ್ತಾರೆ.

ಎರಡನೆಯದು ಅಂಚೆ ಅಥವಾ ಫೋನ್ ಮೂಲಕ ಬರುವ ಸಿಹಿಸುದ್ದಿ. ಕೊಳ್ಳದ ಟಿಕೆಟ್ಟಿಗೆ, ಸೇರದ ಸ್ಪರ್ಧೆಗೆ ಫ್ರಿಜ್ಜೋ ಕಾರೋ ಬಂದಿದೆ ಎಂಬ ಪತ್ರ. ಕಳಿಸಬೇಕಾದರೆ ಮೊದಲು ‘ತೆರಿಗೆ’ ಕಟ್ಟಬೇಕು, ‘ಸಾಗಾಣಿಕೆ ವೆಚ್ಚ’ ಕೊಡಬೇಕು. ಈ ಸುಳ್ಳಿಗೆ ಒಂದು ತುಣುಕು ನಿಜದ ಆಸರೆ ಇದೆ. ಲಾಟರಿ, ಸ್ಪರ್ಧೆಗಳ ದೊಡ್ಡ ಗೆಲುವಿನ ಮೇಲೆ ಶೇ 30ರಷ್ಟು ಆದಾಯ ತೆರಿಗೆ ನಿಜವಾಗಿಯೂ ಇದೆ. ಆದರೆ ಆ ಹಣ ಸರ್ಕಾರದ ಖಜಾನೆಗೆ ಹೋಗಿ, ಗೆದ್ದವರ ಪ್ಯಾನ್ ಸಂಖ್ಯೆಯಲ್ಲಿ ದಾಖಲಾಗಬೇಕು. ಯಾವನೋ ಒಬ್ಬನ ಸ್ವಂತ ಖಾತೆಗೆ ಕಟ್ಟುವ ತೆರಿಗೆ ಈ ದೇಶದಲ್ಲಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಕಂತಿನ ಲಕ್ಕಿ ಸ್ಕೀಮ್. ಇದರಲ್ಲಿ ಸದಸ್ಯರು ತಿಂಗಳು ತಿಂಗಳು ಹಣ ಕಟ್ಟುತ್ತಾರೆ. ಪ್ರತಿ ತಿಂಗಳೂ ಡ್ರಾ. ಹೆಸರು ಬಂದವರಿಗೆ ದೊಡ್ಡ ಬಹುಮಾನ, ಮುಂದಿನ ಕಂತು ಮಾಫಿ. ಕೊನೆಯವರೆಗೂ ಬಾರದವರಿಗೆ ಕಟ್ಟಿದ ಹಣಕ್ಕೆ ‘ಸಮನಾದ’ ವಸ್ತು. ಕೇಳಲು ಬಹಳ ನ್ಯಾಯವಾಗಿದೆ: ಬಂದರೆ ಫ್ರಿಜ್, ಬಾರದಿದ್ದರೂ ನಷ್ಟವಿಲ್ಲ. ಒಂದು ಕಾಲ್ಪನಿಕ ಸ್ಕೀಮನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ ನ್ಯಾಯ ಎಷ್ಟಿದೆ ಎಂದು ತಿಳಿಯುತ್ತದೆ.

ಸದಸ್ಯರು 500 ಮಂದಿ. ತಿಂಗಳ ಕಂತು 300 ರೂಪಾಯಿ. ಅವಧಿ 20 ತಿಂಗಳು. ತಿಂಗಳಿಗೊಬ್ಬರಿಗೆ 10,000 ರೂಪಾಯಿ ಬೆಲೆಯ ಬಹುಮಾನ. ಗೆಲ್ಲುವವರು 20 ಮಂದಿ, ಅಂದರೆ 25 ಜನರಲ್ಲಿ ಒಬ್ಬರು. ಉಳಿದ 480 ಮಂದಿ ತಲಾ 6,000 ರೂಪಾಯಿ ಕಟ್ಟಿರುತ್ತಾರೆ. ಅದೇ 28,80,000 ರೂಪಾಯಿ. ಗೆದ್ದವರು ಗೆಲ್ಲುವ ತಿಂಗಳವರೆಗೆ ಕಟ್ಟಿದ್ದು 63,000. ಒಟ್ಟು ಸಂಗ್ರಹ 29,43,000 ರೂಪಾಯಿ. ಇನ್ನು ಖರ್ಚು. ಇಪ್ಪತ್ತು ಬಹುಮಾನಕ್ಕೆ 2,00,000. ಸೋತ 480 ಮಂದಿಗೆ ‘ಆರು ಸಾವಿರದ್ದು’ ಎಂದು ಕೊಡುವ ಹೆಸರಿಲ್ಲದ ಮಿಕ್ಸಿ ಸಗಟು ಬೆಲೆಯಲ್ಲಿ 2,800 ರೂಪಾಯಿಗೆ ಸಿಕ್ಕಿತೆನ್ನೋಣ, ಅದಕ್ಕೆ 13,44,000. ಒಟ್ಟು ಖರ್ಚು 15,44,000. ಉಳಿಯುವುದು 13,99,000 ರೂಪಾಯಿ. ಏಜೆಂಟರ ಕಮಿಷನ್, ಶಾಮಿಯಾನದ ಬಾಡಿಗೆ, ಕರಪತ್ರದ ಖರ್ಚು ಎಲ್ಲ ಕಳೆದರೂ ದೊಡ್ಡ ಗಂಟೇ.

ಇಲ್ಲಿ ನಡೆಸುವವನು ಒಂದು ರೂಪಾಯಿಯನ್ನೂ ಸ್ವಂತವಾಗಿ ಹಾಕಿಲ್ಲ. ಮೊದಲ ತಿಂಗಳ ಸಂಗ್ರಹವೇ 1,50,000 ರೂಪಾಯಿ. ಅದರಲ್ಲಿ 10,000ದ ಬಹುಮಾನ ಕೊಟ್ಟು, ಗೆದ್ದವರ ಕೊರಳಿಗೆ ಹಾರ ಹಾಕಿ, ಫೋಟೋ ತೆಗೆಸಿದ. ಆ ಹಾರವೂ ಸೋತವರ ಹಣದ್ದೇ. ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ’ ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ.

ಇದು ಸ್ಕೀಮು ಪ್ರಾಮಾಣಿಕವಾಗಿ ಕೊನೆಮುಟ್ಟಿದಾಗಿನ ಲೆಕ್ಕ. ಮುಟ್ಟದಿದ್ದರೆ? ಹನ್ನೆರಡನೆಯ ಡ್ರಾ ಮುಗಿಸಿ ಅಂಗಡಿಗೆ ಬೀಗ ಹಾಕಿದ ಎನ್ನೋಣ. ಅಷ್ಟರಲ್ಲಿ ಸಂಗ್ರಹ 17,80,200 ರೂಪಾಯಿ. ಹನ್ನೆರಡು ಬಹುಮಾನಕ್ಕೆ 1,20,000 ಹೋದರೆ ಕೈಯಲ್ಲಿ 16,60,200. ಪೂರ್ತಿ ನಡೆಸಿದ್ದರೆ ಸಿಗುತ್ತಿದ್ದುದಕ್ಕಿಂತ ಎರಡೂವರೆ ಲಕ್ಷ ಹೆಚ್ಚು! ಇಪ್ಪತ್ತನೆಯ ಡ್ರಾ ಮುಗಿದ ರಾತ್ರಿ ಕೈಯಲ್ಲಿರುವುದು 27,43,000. ಮರುದಿನ ಬೆಳಗಾದರೆ 480 ಮಿಕ್ಸಿ ಕೊಡಬೇಕು. ಆ ಒಂದು ರಾತ್ರಿ ಅವನ ಪ್ರಾಮಾಣಿಕತೆಯ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದನ್ನು ಯೋಚಿಸಬೇಕು. ಇಂಥ ಸ್ಕೀಮುಗಳವರು ಕೊನೆಯ ಹೊತ್ತಿಗೆ ಊರು ಬಿಡುವುದು ಆಕಸ್ಮಿಕವಲ್ಲ. ತಿಂಗಳು ಕಳೆದಂತೆ ಓಡಿಹೋಗುವ ಲಾಭ ಬೆಳೆಯುತ್ತ ಹೋಗುವ ಹಾಗೆ ಅದರ ಕಟ್ಟಡವೇ ಇದೆ.

ಇದನ್ನು ಊರಿನ ಚೀಟಿ ವ್ಯವಹಾರದೊಂದಿಗೆ ಬೆರೆಸಬಾರದು. ಇಪ್ಪತ್ತು ಮಂದಿ ಸೇರಿ ತಿಂಗಳಿಗೆ ಸಾವಿರದಂತೆ ಹಾಕುವ ಚೀಟಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಸರದಿ ಬರುತ್ತದೆ. ಮೊದಲು ಎತ್ತಿದವರು ಕೊನೆಯವರೆಗೂ ಕಟ್ಟುತ್ತಾರೆ. ಅಲ್ಲಿ ಯಾರೂ ಸೋಲುವುದಿಲ್ಲ. ಬೇಗ ಬೇಕಾದವರು ಸ್ವಲ್ಪ ಬಿಟ್ಟುಕೊಡುತ್ತಾರೆ, ಕಾಯುವವರಿಗೆ ಸ್ವಲ್ಪ ಲಾಭ. 1982ರ ಚಿಟ್ ಫಂಡ್ ಕಾಯ್ದೆ ಇದನ್ನು ನೋಂದಣಿಯ ಚೌಕಟ್ಟಿಗೆ ತಂದಿದೆ. ಚೀಟಿ ನಡೆಸುವವರ ಕಮಿಷನ್ನಿಗೂ ಮಿತಿ ಇದೆ: ಮೊದಲು ಶೇ 5 ಇತ್ತು, 2019ರ ತಿದ್ದುಪಡಿಯಿಂದ ಶೇ 7 ಆಯಿತು. ಕರ್ನಾಟಕ ಸರ್ಕಾರದ್ದೇ ಆದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಲಕ್ಕಿ ಸ್ಕೀಮಿನಲ್ಲಾದರೋ ಗೆದ್ದವರು ಹೊರಟುಹೋಗುತ್ತಾರೆ, ಸೋತವರು ಕಟ್ಟುತ್ತಲೇ ಇರುತ್ತಾರೆ. ಹೆಸರಿಗೆ ಎರಡೂ ಚೀಟಿ. ಒಂದರ ಮಾನವನ್ನು ಇನ್ನೊಂದು ಕಡ ತಂದು ಬಳಸಿಕೊಳ್ಳುತ್ತದೆ, ಅಷ್ಟೆ.

ಕಾನೂನು ಇದನ್ನು ಗುರುತಿಸಿ ಬಹಳ ವರ್ಷಗಳಾದವು. ಖಾಸಗಿ ಲಾಟರಿಯನ್ನು ಅಪರಾಧ ಎಂದು ಸಾರುವ ಕಲಂ ಭಾರತೀಯ ದಂಡ ಸಂಹಿತೆಗೆ ಸೇರಿದ್ದು 1870ರಲ್ಲಿ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು 297ನೇ ಕಲಮಾಗಿ ಮುಂದುವರಿದಿದೆ. ಸರ್ಕಾರದ ಲಾಟರಿ ಮಾತ್ರ ಅದರಿಂದ ಹೊರಗೆ. ಸರ್ಕಾರಗಳೇ ಲಾಟರಿ ನಡೆಸಿದ್ದರಿಂದ ಜನರಿಗೆ ಸರಿ ಯಾವುದು, ತಪ್ಪು ಯಾವುದು ಎಂಬ ಗೊಂದಲ ಉಂಟಾದದ್ದೂ ನಿಜವೇ. ಕೇರಳ 1967ರಲ್ಲಿ ಲಾಟರಿ ಇಲಾಖೆಯನ್ನೇ ತೆರೆಯಿತು. ಕರ್ನಾಟಕವೂ ಹಲವು ವರ್ಷ ಲಾಟರಿ ನಡೆಸಿ, 2007ರಲ್ಲಿ ಅದನ್ನು ನಿಷೇಧಿಸಿತು.

ಕಂತಿನ ಸ್ಕೀಮುಗಳ ವಿಷಯದಲ್ಲಿ ದೊಡ್ಡ ಹೆಜ್ಜೆ ಇಟ್ಟದ್ದು ಎಪ್ಪತ್ತರ ದಶಕ. ರಿಸರ್ವ್ ಬ್ಯಾಂಕ್ ನೇಮಿಸಿದ್ದ ಜೇಮ್ಸ್ ರಾಜ್ ಅಧ್ಯಯನ ತಂಡ 1975ರಲ್ಲಿ ವರದಿ ಕೊಟ್ಟಿತು. ಇಂಥ ಯೋಜನೆಗಳಿಂದ ಮುಖ್ಯವಾಗಿ ಲಾಭವಾಗುವುದು ನಡೆಸುವವರಿಗೇ, ಸಮಾಜಕ್ಕೆ ಅದರಿಂದ ಪ್ರಯೋಜನವಿಲ್ಲ ಎಂಬುದು ಅದರ ಸಾರ. ಅದರ ಫಲವೇ 1978ರ ಪ್ರೈಜ್ ಚಿಟ್ ಮತ್ತು ಮನಿ ಸರ್ಕ್ಯುಲೇಷನ್ ಯೋಜನೆಗಳ ನಿಷೇಧ ಕಾಯ್ದೆ. ಕಂತಿನಲ್ಲಿ ಹಣ ಸಂಗ್ರಹಿಸಿ, ಡ್ರಾ ಮೂಲಕ ಕೆಲವರಿಗೆ ನಗದು ಅಥವಾ ವಸ್ತು ರೂಪದ ಬಹುಮಾನ ಕೊಟ್ಟು, ಉಳಿದವರಿಗೆ ಕೊನೆಯಲ್ಲಿ ಪೂರ್ತಿಯೋ ಭಾಗಶಃವೋ ಹಿಂದಿರುಗಿಸುವ ಯಾವುದೇ ಏರ್ಪಾಡು, ಹೆಸರು ಏನೇ ಇರಲಿ, ಅದು ಪ್ರೈಜ್ ಚಿಟ್ಟೇ ಎಂದು ಕಾಯ್ದೆ ಬಿಡಿಸಿ ಹೇಳುತ್ತದೆ. ನಡೆಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೊಲೀಸರು ತಾವಾಗಿಯೇ ಕ್ರಮ ಕೈಗೊಳ್ಳಬಹುದಾದ ಅಪರಾಧ ಇದು. ಇಂಥ ಸ್ಕೀಮಿನ ಜಾಹೀರಾತು ಹಾಕಿದ ಪತ್ರಿಕೆಯ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವೂ ಆ ಕಾಯ್ದೆಯಲ್ಲಿದೆ. ಪತ್ರಿಕೆಗಳವರೂ ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು.

ಕಾಯ್ದೆಯನ್ನು ಪ್ರಶ್ನಿಸಿ ಶ್ರೀನಿವಾಸ ಎಂಟರ್‌ಪ್ರೈಸಸ್ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ನಿಷೇಧವನ್ನು ಎತ್ತಿಹಿಡಿಯಿತು. ನಿಯಂತ್ರಣ ಸಾಕು, ನಿಷೇಧ ಬೇಡ ಎಂಬ ವಾದಕ್ಕೆ ನ್ಯಾಯಾಲಯ ಒಪ್ಪಲಿಲ್ಲ. 2019ರಲ್ಲಿ ಬಂದ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯು ಪ್ರೈಜ್ ಚಿಟ್ಟುಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿದೆ.

ಇನ್ನೊಂದು ದಾರಿ ಗ್ರಾಹಕ ಕಾನೂನಿನದು. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 1978ರಲ್ಲಿ ಕೊಟ್ಟ ವರದಿಯ ಮೇಲೆ, 1984ರಲ್ಲಿ ಎಂಆರ್‌ಟಿಪಿ ಕಾಯ್ದೆಗೆ ತಿದ್ದುಪಡಿಯಾಗಿ ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ಪರಿಕಲ್ಪನೆ ಬಂತು. ಆ ಕಾಯ್ದೆ 2009ರಲ್ಲಿ ರದ್ದಾಯಿತಾದರೂ ಪರಿಕಲ್ಪನೆ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉಳಿಯಿತು. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಹೊಸ ಕಾಯ್ದೆಯೂ ಅದನ್ನು ಹೊತ್ತುಕೊಂಡಿದೆ. ಕೊಡುವ ಉದ್ದೇಶವಿಲ್ಲದೆ ಬಹುಮಾನ ಘೋಷಿಸುವುದು, ಪಡೆದ ಬೆಲೆಯಲ್ಲೇ ಸೇರಿಸಿಕೊಂಡ ವಸ್ತುವನ್ನು ‘ಉಚಿತ’ ಎಂದು ತೋರಿಸುವುದು, ಮಾರಾಟ ಹೆಚ್ಚಿಸಲೆಂದು ಲಾಟರಿಯೋ ಅದೃಷ್ಟದ ಆಟವೋ ನಡೆಸುವುದು, ಯೋಜನೆ ಮುಗಿದ ಮೇಲೆ ಫಲಿತಾಂಶ ಮುಚ್ಚಿಡುವುದು ಇವೆಲ್ಲ ಅನುಚಿತ ಪದ್ಧತಿಗಳು.

ಹಾಗೆಂದು ಎಲ್ಲ ಡ್ರಾಗಳನ್ನೂ ನ್ಯಾಯಾಲಯಗಳು ಒಂದೇ ತಕ್ಕಡಿಯಲ್ಲಿ ತೂಗಿಲ್ಲ. ಹಾರ್ಲಿಕ್ಸ್ ಬಾಟಲಿಯ ಜೊತೆಗಿನ ಬಹುಮಾನ ಯೋಜನೆಯ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟು, ಗ್ರಾಹಕನಿಗೆ ನಷ್ಟವೋ ಹಾನಿಯೋ ಆದರೆ ಮಾತ್ರ ಅದು ಅನುಚಿತ ಪದ್ಧತಿ ಎಂದಿತು. 2007ರಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಕಾರ್ಯಕ್ರಮದ ವೀಕ್ಷಕರಿಗಾಗಿ ಎಸ್‌ಎಂಎಸ್ ಸ್ಪರ್ಧೆ ನಡೆಯಿತು. ಬಹುಮಾನದ ಹಣ ಎಸ್‌ಎಂಎಸ್ ಶುಲ್ಕದಿಂದಲೇ ಬಂದದ್ದು ಎಂದು ಹೇಳಿ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಒಂದು ಕೋಟಿ ರೂಪಾಯಿ ದಂಡನಾ ಪರಿಹಾರ ವಿಧಿಸಿತು. 2019ರಲ್ಲಿ ಸುಪ್ರೀಂ ಕೋರ್ಟು, ಹಾಗೆ ಬಂತೆಂಬುದಕ್ಕೆ ಪುರಾವೆ ಇಲ್ಲ ಎಂದು ಅದನ್ನು ತಳ್ಳಿಹಾಕಿತು. ಮಿಕ್ಸಿಗೂ ಟೀವಿ ಕಾರ್ಯಕ್ರಮಕ್ಕೂ ಸಂಬಂಧವಿಲ್ಲ ಎನಿಸಬಹುದು. ಆದರೆ ಎರಡು ಕಡೆಯವರೂ ವಾದಿಸಿದ ಪ್ರಶ್ನೆ ಯಾವುದು? ಬಹುಮಾನದ ದುಡ್ಡು ಯಾರದು ಎಂಬುದೇ. ಕಂಪನಿ ತನ್ನ ಲಾಭದಲ್ಲಿ ಕೊಟ್ಟರೆ ಅದು ಜಾಹೀರಾತು. ಸೋತವರಿಂದ ವಸೂಲು ಮಾಡಿ ಕೊಟ್ಟರೆ ಅದು ಜೂಜು.

ಇಷ್ಟೆಲ್ಲ ಕಾನೂನು ಇದ್ದೂ ಸ್ಕೀಮುಗಳು ಏಕೆ ನಿಂತಿಲ್ಲ? ಅತಿ ಆಸೆ ಗತಿ ಕೇಡು ಎಂದು ಸೋತವರ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ತಿಂಗಳಿಗೆ ಮುನ್ನೂರು ಉಳಿಸಿ ಮಿಕ್ಸಿ ಕೊಳ್ಳಲು ಹೊರಟದ್ದು ಆಸೆಬುರುಕತನವಲ್ಲ, ಅದು ಜಾಣ ಗೃಹಿಣಿಯ ಲೆಕ್ಕಾಚಾರ. ಆಕೆ ನಂಬಿದ್ದು ಅದೃಷ್ಟವನ್ನೂ ಅಲ್ಲ, ಮನೆಗೆ ಬಂದ ಏಜೆಂಟನ್ನು. ಆತ ಅದೇ ಬೀದಿಯ ಹುಡುಗ. ಕೆಲಸವಿಲ್ಲದೆ ಕುಳಿತಿದ್ದವನಿಗೆ ಕಮಿಷನ್ ಸಿಕ್ಕಿದೆ. ‘ನಿಮ್ಮ ಹೆಸರು ನಾನೇ ಬರೆಸಿದ್ದೀನಿ ಚಿಕ್ಕಮ್ಮ, ಒಂದು ಕಂತು ಕಟ್ಟಿಬಿಡಿ’ ಎಂದರೆ ಇಲ್ಲ ಎನ್ನುವುದು ಹೇಗೆ? ಸ್ಕೀಮು ಮುಳುಗಿದ ದಿನ ನಡೆಸಿದವನು ಸಿಗುವುದಿಲ್ಲ, ಈ ಹುಡುಗ ಸಿಗುತ್ತಾನೆ. ಅವನೂ ತನ್ನ ತಾಯಿಯ ಹೆಸರಿನಲ್ಲಿ ಎರಡು ಕಾರ್ಡು ಮಾಡಿಸಿರುತ್ತಾನೆ. ದೂರು ಕೊಟ್ಟರೆ ಠಾಣೆ ಮೆಟ್ಟಿಲು ಹತ್ತಬೇಕಾದವನು ಅವನೇ. ಆರು ಸಾವಿರಕ್ಕಾಗಿ ಬೀದಿಯ ನೆಂಟಸ್ತಿಕೆ ಕೆಡಿಸಿಕೊಳ್ಳುವುದೇ ಎಂದು ಜನ ಸುಮ್ಮನಾಗುತ್ತಾರೆ. ಗಂಡನಿಗೆ ಹೇಳದೆ ಕಟ್ಟಿದ ಹೆಣ್ಣುಮಕ್ಕಳಂತೂ ಬಾಯಿ ಬಿಡುವಂತೆಯೇ ಇಲ್ಲ. ನಡೆಸುವವನಿಗೆ ಬೇಕಾದದ್ದೂ ಇದೇ. ಅವನು ದೋಚುವುದು ಹಣವನ್ನು ಮಾತ್ರವಲ್ಲ. ನೆರೆಹೊರೆಯವರು ಒಬ್ಬರ ಮಾತನ್ನು ಒಬ್ಬರು ನಂಬುವ ಗುಣವನ್ನೂ ಖಾಲಿ ಮಾಡಿ ಹೋಗುತ್ತಾನೆ. ಮುಂದೆ ಯಾರಾದರೂ ಒಳ್ಳೆಯ ಕೆಲಸಕ್ಕೆ ಚಂದಾ ಕೇಳಿದರೂ ಬಾಗಿಲು ಮುಚ್ಚುತ್ತದೆ.

ವಸ್ತು ಕೈಗೆ ಬಂದರೂ ಅಪಾಯ ತಪ್ಪಿದ್ದಲ್ಲ. ಹೀಗೆ ಹಂಚುವ ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ರಾಡುಗಳಿಗೆ ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ, ತಯಾರಿಸಿದವರ ವಿಳಾಸವೂ ಇಲ್ಲ. 2003ರ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ ಇಂಥ ವಿದ್ಯುತ್ ಉಪಕರಣಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಪ್ರೆಷರ್ ಕುಕ್ಕರಿಗೂ 2020ರ ಆದೇಶದಿಂದ ಅದು ಕಡ್ಡಾಯವಾಗಿದೆ. ಗುರುತಿಲ್ಲದ ರಾಡನ್ನು ಬಕೆಟ್ಟಿಗೆ ಇಳಿಬಿಡುವಾಗ ಪಣಕ್ಕಿಟ್ಟಿರುವುದು ದುಡ್ಡಲ್ಲ, ಜೀವ.

ಹಾಗಾದರೆ ಮಾಡಬೇಕಾದದ್ದೇನು? ಕಾರ್ಡು ಕೈಗೆ ತೆಗೆದುಕೊಳ್ಳುವ ಮೊದಲು ಕೊನೆಯಲ್ಲಿ ಕೊಡುವ ವಸ್ತುವಿನ ಹೆಸರು, ಮಾದರಿ ಕೇಳಬೇಕು. ಅದೇ ವಸ್ತುವಿನ ಬೆಲೆಯನ್ನು ಪೇಟೆಯ ಬೇರೊಂದು ಅಂಗಡಿಯಲ್ಲಿ ವಿಚಾರಿಸಬೇಕು. ಒಟ್ಟು ಸದಸ್ಯರೆಷ್ಟು, ಹಣ ಯಾವ ಖಾತೆಯಲ್ಲಿದೆ, ಯಾವ ಕಾಯ್ದೆಯಲ್ಲಿ ನೋಂದಣಿಯಾಗಿದೆ ಎಂದು ಕೇಳಬೇಕು. ಅಂಗಡಿಯ ಲೈಸೆನ್ಸಾಗಲಿ ಜಿಎಸ್‌ಟಿ ಸಂಖ್ಯೆಯಾಗಲಿ ಡ್ರಾ ನಡೆಸಲು ಕೊಟ್ಟ ಅನುಮತಿಯಲ್ಲ. ಈಗಾಗಲೇ ಕಟ್ಟಿದ್ದರೆ ಕಾರ್ಡು, ರಸೀದಿ, ಕರಪತ್ರ, ಫೋನಿಗೆ ಬಂದ ಸಂದೇಶ ಎಲ್ಲವನ್ನೂ ಜೋಪಾನ ಮಾಡಬೇಕು. ಕಳೆದ ಕಂತುಗಳನ್ನು ಉಳಿಸಿಕೊಳ್ಳಲೆಂದು ಹೊಸ ಕಂತು ಕಟ್ಟುವುದು ಬಾವಿಗೆ ಬಿದ್ದ ಕೊಡಕ್ಕಾಗಿ ಹಗ್ಗವನ್ನೂ ಎಸೆದಂತೆ. ದೂರಿಗೆ ಸ್ಥಳೀಯ ಪೊಲೀಸ್ ಠಾಣೆ ಇದೆ, ಜಿಲ್ಲಾ ಗ್ರಾಹಕ ಆಯೋಗವಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಒಬ್ಬೊಬ್ಬರೇ ಹೋಗಲು ಸಂಕೋಚವಾದರೆ ಬೀದಿಯವರೆಲ್ಲ ಸೇರಿ ಒಂದೇ ಅರ್ಜಿ ಕೊಡಬಹುದು. ಆ ಏಜೆಂಟ್ ಹುಡುಗನನ್ನೂ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಹಣ ಎಲ್ಲಿಗೆ ಹೋಯಿತು ಎಂಬುದರ ಮೊದಲ ಸುಳಿವು ಇರುವುದು ಅವನ ಬಳಿಯೇ.

ಇನ್ನು ಮಿಕ್ಸಿಯ ಮಾತು. ತಿಂಗಳಿಗೆ ಮುನ್ನೂರನ್ನು ಬ್ಯಾಂಕಿನ ಆರ್‌ಡಿ ಖಾತೆಗೆ ಕಟ್ಟಿದರೂ ಇಪ್ಪತ್ತು ತಿಂಗಳಿಗೆ ಆರು ಸಾವಿರ ಕೂಡುತ್ತದೆ. ಅಲ್ಲಿ ಶಾಮಿಯಾನವಿಲ್ಲ, ಹಾರವಿಲ್ಲ, ಚಪ್ಪಾಳೆಯೂ ಇಲ್ಲ. ಆದರೆ ಅಂಗಡಿಗೆ ಹೋಗಿ, ಬೇಕಾದ ಮಿಕ್ಸಿಯನ್ನು ಆರಿಸಿ, ಓಡಿಸಿ ನೋಡಿ, ಬಿಲ್ಲು ಬರೆಸಿಕೊಂಡು ಬರುವ ಹಕ್ಕು ಆಗ ಆ ಗೃಹಿಣಿಯ ಕೈಯಲ್ಲೇ ಇರುತ್ತದೆ.